ಹಠಮಾರಿ ಡಬ್ಬ

ಗೇಟಿನ ಹತ್ತಿರ ಅವಳು ಎಡಕ್ಕೆ ತಿರುಗಿದಳು, ಅವನು ಬಲಕ್ಕೆ. ಒಂದೇ ಗಾಡಿಯಲ್ಲಿ ಬಂದ ಗಂಡ ಹೆಂಡತಿ ಎರಡು ಬಾಗಿಲಿನಿಂದ ಒಳಗೆ ಹೋಗುವುದನ್ನು ನೋಡಿ ಮೊದಮೊದಲು ನಗುತ್ತಿದ್ದ ಕಾವಲಿನವನು ಈಗ ತಲೆ ಎತ್ತುವುದನ್ನೂ ಬಿಟ್ಟಿದ್ದ. ಎಡಗಡೆಯದು ಪ್ರೆಸ್ ಯಂತ್ರದವರ, ಜೋಡಿಸುವವರ, ಬಣ್ಣ ಬಳಿಯುವವರ ಬಾಗಿಲು. ಬಲಗಡೆಯದಕ್ಕೆ ಗಾಜಿತ್ತು, ಕಾಲೊರೆಸಿಕೊಳ್ಳಲು ಮೆತ್ತನೆಯ ಚಾಪೆಯಿತ್ತು. ಎರಡು ಹೆಜ್ಜೆ ಹೋದ ಮೇಲೆ ಅವಳು ತಿರುಗಿ ನಿಂತು, "ಮಧ್ಯಾಹ್ನ ಮೇಲಕ್ಕೆ ಬಾ ಅಂದಿದಾರೆ, ನೀವಿರ್ತೀರಲ್ಲ?" ಎಂದು ಕೂಗಿದಳು, ಆಚೆ ಬೀದಿಯವರಿಗೂ ಕೇಳುವಷ್ಟು. ಅವನು ಸುತ್ತ ನೋಡಿ, ಇರ್ತೀನಿ ಎನ್ನುವಂತೆ ಗದ್ದ ಆಡಿಸಿದ. "ಮತ್ತೆ ನಂಗೇನ್ ಭಯ!" ಎಂದು ನಕ್ಕು ಹೋದಳು. ಚಾಪೆಯ ಮೇಲೆ ಅವನು ಕಾಲನ್ನು ಒರೆಸಿದ, ಮತ್ತೆ ಒರೆಸಿದ. ಹಿಂದೆ ಬಂದ ಯಾರೋ ಕೆಮ್ಮಿದ ಮೇಲೆಯೇ ಅವನಿಗೆ ತಾನು ದಾರಿಗೆ ಅಡ್ಡ ನಿಂತಿದ್ದೇನೆಂದು ತಿಳಿದದ್ದು. ನಂಗೇನ್ ಭಯ. ಈ ಹೆಂಗಸಿಗೆ ಭಯ ಅನ್ನುವುದು ಹುಟ್ಟಿನಿಂದಲೇ ಬಂದಿಲ್ಲ. ಅವಳ ಪಾಲಿನದನ್ನೂ ಸೇರಿಸಿ ದೇವರು ತನಗೇ ಕೊಟ್ಟಿದ್ದಾನೆ, ಅದನ್ನು ಹೊತ್ತುಕೊಂಡು ತಾನು ಮೆಟ್ಟಿಲು ಹತ್ತುತ್ತಿದ್ದೇನೆ ಎಂದು ಅವನಿಗೆ ಸಿಟ್ಟು ಬಂತು.

ಹಾಸಿಗೆ ಹಿಡಿದವರನ್ನು ಮಂಚದಿಂದ ಎತ್ತಿ ಕುರ್ಚಿಗೆ ಕೂರಿಸುವ ಯಂತ್ರವನ್ನು ಆ ಕಾರ್ಖಾನೆ ಮಾಡುತ್ತಿತ್ತು. ಕೊಕ್ಕರೆಯ ಕತ್ತಿನಂತೆ ಬಾಗಿದ ಒಂದು ತೋಳು, ತೋಳಿನ ತುದಿಯಲ್ಲಿ ಜೋಲಿ, ಜೋಲಿಯಲ್ಲಿ ಮನುಷ್ಯ. ಹೋದ ತಿಂಗಳು ಯಾವುದೋ ಆಸ್ಪತ್ರೆಯಲ್ಲಿ ಒಂದು ತೋಳು ಬಿರುಕು ಬಿಟ್ಟು ಮುದುಕನೊಬ್ಬ ಬಿದ್ದು ಸೊಂಟ ಮುರಿದುಕೊಂಡ. ಬಿರುಕು ಬಿಟ್ಟದ್ದು ತೋಳಿನ ಬುಡದ ತೂತಿನ ಸುತ್ತ. ಆ ತೂತಿಗೆ ಉಕ್ಕಿನ ಒಂದು ಉಂಗುರವನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸುತ್ತಾರೆ. ಕೆಳಗಿನವರು ಅದಕ್ಕೆ ಬಳೆ ಅನ್ನುತ್ತಾರೆ, ಒತ್ತುವುದಕ್ಕೆ ಬಳೆ ತೊಡಿಸುವುದು ಅನ್ನುತ್ತಾರೆ. ಮುರಿದ ತೋಳಿನ ಮೇಲೆ ಬಳೆ ತೊಡಿಸಿದವರ ಗುರುತು ಒತ್ತಿತ್ತು. ಅದು ಅವನ ಹೆಂಡತಿಯ ಗುರುತು. ತಪ್ಪು ಅವಳ ಕೈಯದೋ, ತೋಳಿನ ಲೆಕ್ಕದ್ದೋ ಎನ್ನುವುದು ಇವತ್ತು ಮಧ್ಯಾಹ್ನ ತೀರ್ಮಾನವಾಗಬೇಕಿತ್ತು. ಲೆಕ್ಕ ಅವನದು.

ಅವನ ಕೋಣೆಗೆ ಕಿಟಕಿ ಇತ್ತು, ಆದರೆ ಅದು ಹೊರಗೆ ನೋಡುತ್ತಿರಲಿಲ್ಲ, ಕೆಳಗಿನ ಪ್ರೆಸ್ಸುಗಳ ಸಾಲನ್ನು ನೋಡುತ್ತಿತ್ತು. ಮೇಲೆ ಬಂದ ಮೊದಲ ದಿನವೇ ಅವನು ಮೇಜನ್ನು ತಿರುಗಿಸಿ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ಕಂಪ್ಯೂಟರಿನ ಪರದೆಯ ಮೇಲೆ ತೋಳು ನೀಲಿಯಾಗಿ ಮಲಗಿತ್ತು. ಅವನ ಕೆಲಸ ಇಷ್ಟೇ: ಪ್ರಪಂಚದಲ್ಲಿ ಯಾವ ಎರಡು ಬಳೆಯೂ ಒಂದೇ ಅಳತೆಯಲ್ಲಿ ಹುಟ್ಟುವುದಿಲ್ಲ, ಯಾವ ಎರಡು ತೂತೂ ಒಂದೇ ಅಲ್ಲ. ಒಂದು ಕೂದಲೆಳೆ ದಪ್ಪ, ಇನ್ನೊಂದು ಅರ್ಧ ಎಳೆ ಸಣ್ಣ. ದಪ್ಪ ಬಳೆ ಸಣ್ಣ ತೂತಿಗೆ ಬಿದ್ದರೆ ತೋಳು ಯಾರನ್ನೂ ಎತ್ತದೆ, ಸುಮ್ಮನೆ ಮೂಲೆಯಲ್ಲಿ ನಿಂತಿದ್ದಾಗಲೂ, ಒಳಗೊಳಗೇ ಬಿಗಿದುಕೊಂಡಿರುತ್ತದೆ. ಅಂಥದು ಎಷ್ಟು ಸಲ ಆಗುತ್ತದೆ ಎಂದು ತಿಳಿಯಲು ನಿಜವಾಗಿ ಮಾಡಿ ಒಡೆಯಬೇಕಾಗಿಲ್ಲ. ಕಂಪ್ಯೂಟರು ತನ್ನ ಹೊಟ್ಟೆಯಲ್ಲೇ ಸಾವಿರಾರು ಬಳೆ, ಸಾವಿರಾರು ತೋಳು ಹುಟ್ಟಿಸಿ, ಕಣ್ಣು ಮುಚ್ಚಿ ಒಂದನ್ನೆತ್ತಿ ಇನ್ನೊಂದಕ್ಕೆ ತೊಡಿಸಿ, ಬಿಗಿ ಎಷ್ಟು ಎಂದು ಬಣ್ಣದಲ್ಲಿ ಹೇಳುತ್ತದೆ. ನೀಲಿ ಅಂದರೆ ಆರಾಮ, ಕೆಂಪು ಅಂದರೆ ಇವತ್ತಲ್ಲ ನಾಳೆ ಬಿರುಕು. ಈ ಕೆಲಸದಿಂದಲೇ ಅವನಿಗೆ ಕೆಳಗೆ ಸಾವಿರಪ್ಪ ಎಂದು ಹೆಸರು ಬಿದ್ದದ್ದು. ಇಟ್ಟವಳು ಅವಳೇ. ಕ್ಯಾಂಟೀನಿನಲ್ಲಿ ಯಾರೋ, ನಿನ್ನ ಗಂಡ ಮೇಲೆ ಕೂತು ಏನ್ ಮಾಡ್ತಾನೆ ಎಂದು ಕೇಳಿದ್ದಕ್ಕೆ, "ನಾವು ಒಂದ್ಸಲ ಮಾಡೋದನ್ನ ಅವರು ಸಾವಿರ ಸಲ ಮಾಡ್ತಾರೆ, ಆದ್ರೂ ಒಂದೂ ಕೈಗೆ ಸಿಗಲ್ಲ" ಅಂದಳಂತೆ. ಇಡೀ ಕ್ಯಾಂಟೀನು ಮೇಜು ಗುದ್ದಿ ನಕ್ಕಿತಂತೆ. ಮಕ್ಕಳಿಲ್ಲದ ಮನೆಯ ಮಾತನ್ನು ಅವಳು ಹಾಗೆ ಬಯಲಲ್ಲಿ ಎಸೆದಳೋ, ಅಥವಾ ಅವಳಿಗೆ ಆ ಅರ್ಥ ಹೊಳೆಯಲೇ ಇಲ್ಲವೋ, ಅವನು ಕೇಳಲಿಲ್ಲ. ಕೇಳದೆ ಇಟ್ಟುಕೊಂಡ ಪ್ರಶ್ನೆ ಎಷ್ಟೋ ವರ್ಷದಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಇತ್ತು. ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

ಬೆಳಗ್ಗೆ ಬಂದವನೇ ಅವನು ಮಾಡಿದ್ದು ಇಷ್ಟು ದಿನ ಮಾಡದ ಕೆಲಸ. ಕಂಪ್ಯೂಟರು ಕಣ್ಣು ಮುಚ್ಚಿ ಎತ್ತುವುದನ್ನು ನಿಲ್ಲಿಸಿದ. ಡಬ್ಬವನ್ನು ಲೆಕ್ಕದೊಳಗೆ ತಂದ.

ಡಬ್ಬ ಇರುವುದು ಅವನಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಾಗಿರಲಿಲ್ಲ. ಮೇಲೆ ಬರುವ ಮುಂಚೆ ಅವನೂ ಅದೇ ಪ್ರೆಸ್ಸುಗಳ ಮುಂದೆ ನಿಂತು ಬಳೆ ತೊಡಿಸಿದವನು. ಸಲೀಸಾಗಿ ಹೋಗದ ಬಳೆ ಸಿಕ್ಕರೆ ಅದರ ಜೊತೆ ಜಗಳ ಆಡುತ್ತ ಕೂತರೆ ದಿನದ ಕೆಲಸ ಮುಗಿಯುವುದಿಲ್ಲ. ತೆಗೆದು ಪಕ್ಕದ ತಗಡಿನ ಡಬ್ಬಕ್ಕೆ ಎಸೆಯುತ್ತಾರೆ. ತೂತು ಬಿಗಿಯಾದ ತೋಳು ಸಿಕ್ಕರೆ ಅದನ್ನೂ ಮೇಜಿನ ಕೆಳಗೆ ಸರಿಸುತ್ತಾರೆ. ಹಠಮಾರಿಗಳು ಅನ್ನುತ್ತಾರೆ ಇವಕ್ಕೆ. ತಿಂಗಳೆಲ್ಲ ಸಾಧು ಬಳೆ ಸಾಧು ತೋಳಿಗೆ ಹೋಗುತ್ತದೆ, ಕೆಲಸ ಹೂವೆತ್ತಿದಂತೆ ಸಾಗುತ್ತದೆ. ತಿಂಗಳ ಕೊನೆಗೆ ಮೇಸ್ತ್ರಿ ಬಂದು, "ಡಬ್ಬ ಖಾಲಿ ಮಾಡ್ರೋ" ಅನ್ನುತ್ತಾನೆ. ಆಗ ಉಳಿದಿರುವುದು ಹಠಮಾರಿ ಬಳೆ, ಹಠಮಾರಿ ತೋಳು. ಎಣ್ಣೆ ಸವರಿ, ಪ್ರೆಸ್ಸಿನ ಒತ್ತು ಏರಿಸಿ, ಒಂದಕ್ಕೊಂದನ್ನು ತುರುಕುತ್ತಾರೆ. ಎಲ್ಲವೂ ಒಪ್ಪಿತ ಅಳತೆಯೊಳಗೇ ಇವೆ. ಯಾವುದೂ ಕಳ್ಳ ಮಾಲಲ್ಲ. ಆದರೆ ಅವನ ಲೆಕ್ಕದಲ್ಲಿ ಲಕ್ಷಕ್ಕೊಂದು ಎಂದು ಬಂದಿದ್ದ ಜೋಡಿ ಅಲ್ಲಿ ಪ್ರತಿ ತಿಂಗಳೂ ಹುಡುಕಿ ಹುಡುಕಿ ಮಾಡಿದ ಹಾಗೆ ಆಗುತ್ತಿತ್ತು.

ಗೊತ್ತಿದ್ದೂ ಯಾಕೆ ಬಿಟ್ಟಿದ್ದ? ಮೊದಲ ಲೆಕ್ಕ ಒಪ್ಪಿಸಿದ ದಿನ ಹೊರಗಿನಿಂದ ಬಂದಿದ್ದ ತಜ್ಞನೊಬ್ಬ, ಬಿಳಿಯ ಗಡ್ಡದವನು, ಪೆನ್ನಿನ ತುದಿಯಿಂದ ಮೂಗು ತುರಿಸಿಕೊಳ್ಳುತ್ತ, "ಕೆಳಗೆ ಸುಮ್ನೆ ಕೈಗೆ ಸಿಕ್ಕಿದ್ದನ್ನ ತಗೊಂಡು ಹಾಕ್ತಾರೋ, ಆರಿಸಿ ಹಾಕ್ತಾರೋ? ನಿಮಗೆ ಗೊತ್ತಿರಬೇಕು" ಎಂದಿದ್ದ. ನಿಮಗೆ ಗೊತ್ತಿರಬೇಕು. ಆ ಒಂದು ಮಾತು. ಕೋಣೆಯಲ್ಲಿದ್ದವರೆಲ್ಲ ಅವನ ಉಗುರಿನ ಸಂದಿಯ ಎಣ್ಣೆಯನ್ನು ನೋಡುತ್ತಿದ್ದಾರೆ ಅನ್ನಿಸಿತ್ತು. ಎಣ್ಣೆ ಇರಲಿಲ್ಲ, ಮೂರು ಸಲ ಸೋಪು ಹಾಕಿ ತೊಳೆದು ಬಂದಿದ್ದ. ಡಬ್ಬದ ಮಾತು ಬಾಯಿಗೆ ಬಂದರೆ ಅದರ ಜೊತೆ ಅವನ ಹಳೆಯ ನೀಲಿ ಅಂಗಿ, ಎಡಗಡೆಯ ಬಾಗಿಲು, ಮೇಸ್ತ್ರಿಯ ಬೈಗುಳ ಎಲ್ಲ ಮೆರವಣಿಗೆ ಹೊರಟು ಬರುತ್ತಿದ್ದವು. "ಕೈಗೆ ಸಿಕ್ಕಿದ್ದನ್ನ, ಸರ್" ಎಂದಿದ್ದ. ತಜ್ಞ ತಲೆ ಆಡಿಸಿ ಬರೆದುಕೊಂಡ. ಆ ಲೆಕ್ಕದ ಮೇಲೆಯೇ ತೋಳಿನ ಬುಡವನ್ನು ತೆಳುಮಾಡಿದರು, ತೂಕ ಇಳಿಯಿತು, ಅವನಿಗೆ ಈ ಕೋಣೆ ಬಂತು. ಒಂದು ನಾಚಿಕೆಗೆ ಒಂದು ಕೋಣೆ. ಅಗ್ಗವೇ ಅನ್ನಿಸಿತ್ತು ಆಗ.

ಈಗ ಪರದೆಯ ಮೇಲೆ ತೋಳುಗಳು ಒಂದೊಂದಾಗಿ ಬಂದು ಹೋದವು. ನೀಲಿ, ನೀಲಿ, ಹಸಿರು, ನೀಲಿ. ತಿಂಗಳ ಕೊನೆ ಬಂತು. ಹಳದಿ. ಆಮೇಲೆ ತೂತಿನ ಸುತ್ತ ಕೆಂಪು, ಕಣ್ಣು ಬಂದವರ ಕಣ್ಣಿನಂತೆ. ಇನ್ನೊಂದು ಕೆಂಪು. ಮತ್ತೊಂದು. ಅವನು ತಣ್ಣಗೆ ನೋಡುತ್ತ ಕೂತ. ಆಶ್ಚರ್ಯವೆಂದರೆ ಮೊದಲು ಆದದ್ದು ಸಂತೋಷ. ಲೆಕ್ಕ ಎಷ್ಟು ಸರಿಯಾಗಿ ಬರುತ್ತಿದೆ! ಬಿರುಕು ಬಿಟ್ಟ ತೋಳಿನ ಫೋಟೋದಲ್ಲಿ ಬಿರುಕು ಎಲ್ಲಿ ಶುರುವಾಗಿತ್ತೋ ಅಲ್ಲೇ, ಬೆರಳಿಟ್ಟು ತೋರಿಸಿದ ಹಾಗೆ, ಕೆಂಪು. ಯಾರನ್ನಾದರೂ ಕರೆದು ತೋರಿಸಬೇಕೆನ್ನಿಸಿ ಅವನು ಅರ್ಧ ಎದ್ದೇಬಿಟ್ಟಿದ್ದ. ಆಮೇಲೆ ಮತ್ತೆ ಕೂತ. ಇಷ್ಟು ವರ್ಷದ ತಿಂಗಳ ಕೊನೆಗಳು. ಎಷ್ಟೋ ಕೋಣೆಗಳಲ್ಲಿ, ಎಷ್ಟೋ ಮಂಚಗಳ ಪಕ್ಕದಲ್ಲಿ, ಈ ಕೆಂಪು ತೋಳುಗಳು ಯಾರನ್ನೂ ಎತ್ತದೆಯೂ ಹಲ್ಲು ಕಚ್ಚಿಕೊಂಡು ನಿಂತಿವೆ. ಯಾರೋ ಒಬ್ಬಳು ಸೊಸೆ ತನ್ನ ಅತ್ತೆಯನ್ನು ಜೋಲಿಯಲ್ಲಿ ಮಲಗಿಸಿ ಗುಂಡಿ ಒತ್ತುತ್ತಿದ್ದಾಳೆ. ಅತ್ತೆ ಮೇಲೇರುತ್ತಿದ್ದಾಳೆ.

"ಏನ್ ಸಾವಿರಪ್ಪ, ಬಣ್ಣದ ಆಟ ನಡೀತಾ ಇದೆ?" ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಅವನು ಸರಕ್ಕನೆ ಪರದೆಯನ್ನು ಆರಿಸಿದ. ಮೇಸ್ತ್ರಿ ಒಳಗೆ ಬಂದು, ಕೂರು ಅನ್ನದಿದ್ದರೂ ಕೂತು, ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದ. ಹಿಂದೆ ಅವನು ತನ್ನ ಕೈಕೆಳಗೆ ನಿಂತವನು ಎಂಬುದನ್ನು ಮೇಸ್ತ್ರಿ ಕೂರುವ ರೀತಿಯಲ್ಲೇ ನೆನಪು ಮಾಡುತ್ತಿದ್ದ. "ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ನಿಂಗೆ ಕೆತ್ತಕ್ಕೆ ಮಗೂನೂ ಇಲ್ಲ, ಕಂಪ್ಯೂಟರ್ ಕೆತ್ತು." ನಕ್ಕ. ಆಮೇಲೆ ದನಿ ತಗ್ಗಿಸಿ, "ಮಧ್ಯಾಹ್ನ ಡಬ್ಬದ ಮಾತು ಬರಬಾರದು, ತಿಳೀತಾ? ಡಬ್ಬ ಖಾಲಿ ಮಾಡ್ಸೋನು ನಾನು. ಅದು ಬಂದ್ರೆ ನಾನೂ ಹೋದೆ, ಕೈಗೆ ಸಿಕ್ಕಿದ್ದು ಹಾಕ್ತಾರೆ ಅಂತ ಬರ್ಕೊಟ್ಟ ನೀನೂ ಹೋದೆ."

"ಅವಳು ಹೇಳೇ ಹೇಳ್ತಾಳೆ."

"ಹೇಳ್ಲಿ. ಅವಳ ಬಾಯಿಗೆ ಬೀಗ ಹಾಕೋಕೆ ನಿನ್ನ ಕೈಲೇ ಆಗಿಲ್ಲ, ನನ್ನ ಕೈಲಾಗತ್ತಾ? ಹೇಳಿದ ಮೇಲೆ ನಿನ್ನ ಕೇಳ್ತಾರಲ್ಲ, ಅದು ಮುಖ್ಯ." ಮೇಸ್ತ್ರಿ ಎದ್ದ. ಬಾಗಿಲಲ್ಲಿ ನಿಂತು, "ಹೆಂಡ್ತಿ ಅಂತ ಕರುಳು ಚುರ್ ಅಂದ್ರೆ ಈಗ್ಲೇ ಹೇಳ್ಬಿಡು, ನಾನು ಬೇರೆ ದಾರಿ ನೋಡ್ಕೋತೀನಿ" ಎಂದ. ಅವನು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದ. ಅದನ್ನು ಮೇಸ್ತ್ರಿ ತೂಗಿ ನೋಡಿ, ಸಾಕು ಎನ್ನುವಂತೆ ಹೊರಟುಹೋದ.

ಊಟದ ಹೊತ್ತಿಗೆ ಅವನು ಮೆಟ್ಟಿಲ ತಿರುವಿನಲ್ಲಿ ನಿಂತು ಕ್ಯಾಂಟೀನಿನೊಳಗೆ ನೋಡಿದ. ಅವಳು ಉದ್ದ ಮೇಜಿನ ನಡುವೆ ಕೂತು ಒಂದು ಕೈಯಲ್ಲಿ ತುತ್ತು ಹಿಡಿದು ಇನ್ನೊಂದು ಕೈಯಲ್ಲಿ ಏನೋ ಕಥೆ ಹೇಳುತ್ತಿದ್ದಳು. ಸುತ್ತಲಿನವರು ತುತ್ತು ಬಾಯಿಗಿಡಲೂ ಮರೆತು ಕಾಯುತ್ತಿದ್ದರು. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ಅದು ತನ್ನ ಬಗ್ಗೆಯೇ ಎಂದು ಅವನಿಗೆ ಗ್ಯಾರಂಟಿಯಾಯಿತು. ಇವತ್ತು, ಈ ದಿನ, ಇವಳಿಗೆ ನಗುವುದು ಬರುತ್ತದೆ. ಮನೆಯಲ್ಲೂ ಹೀಗೇ. ಅವನು ತನ್ನ ಕೆಲಸದ ಬಗ್ಗೆ ಬಾಯಿ ತೆರೆದರೆ ಅವಳು ಎರಡು ಮಾತು ಕೇಳಿ, "ಆಯ್ತು ಬಿಡಿ, ನಿಮ್ಮ ಬಣ್ಣದ ತೋಳು ನಿಮಗೆ, ನಮ್ಮ ಕಬ್ಬಿಣದ ತೋಳು ನಮಗೆ" ಎಂದು ತಟ್ಟೆ ಎತ್ತಿಕೊಂಡು ಏಳುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಸಲ, ಒಂದೇ ಒಂದು ಸಲ, ತಾನು ಮೇಲೆ ಕೂತು ಏನು ಮಾಡುತ್ತೇನೆಂದು ಅವಳು ಕೊನೆಯವರೆಗೆ ಕೇಳಿದ್ದಿಲ್ಲ. ಅವನಿಗೆ ಹಸಿವಾಗಲಿಲ್ಲ. ಕೆಳಗಿಳಿಯದೆ ವಾಪಸು ಹತ್ತಿದ. ಹತ್ತುವಾಗ, ನಿಜ ಹೇಳಿಬಿಡುತ್ತೇನೆ ಎಂದುಕೊಂಡ. ಹೇಳಿದರೆ ಅವಳು ಉಳಿಯುತ್ತಾಳೆ, ತಾನು ಇಳಿಯುತ್ತೇನೆ. ಎಡಗಡೆಯ ಬಾಗಿಲಿನಿಂದ ಇಬ್ಬರೂ ಜೊತೆಯಾಗಿ ಒಳಗೆ ಹೋಗುತ್ತೇವೆ. ಕ್ಯಾಂಟೀನಿನಲ್ಲಿ ಅವಳ ಪಕ್ಕ ಕೂತು ತಾನೂ ತುತ್ತು ಹಿಡಿದು ಅವಳ ಕಥೆ ಕೇಳುತ್ತೇನೆ. ಅವಳು ಹೇಳುತ್ತಾಳೆ: ನಮ್ಮೋರು ಸಾವಿರ ಸಲ ಮಾಡಿದ್ರಲ್ಲ, ಸಾವಿರ ಸಲಾನೂ ತಪ್ಪಂತೆ! ಮೇಜು ಗುದ್ದುತ್ತಾರೆ. ಕೊನೆಯ ಮೆಟ್ಟಿಲು ಮುಟ್ಟುವಾಗ ಅವನ ತೀರ್ಮಾನ ಎಲ್ಲೋ ಕೆಳಗಿನ ಮೆಟ್ಟಿಲಿನಲ್ಲೇ ಉಳಿದುಹೋಗಿತ್ತು.

ಕಾರ್ಖಾನೆಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಅನ್ನುತ್ತಿದ್ದರು. ದೊಡ್ಡವರು ಮೇಜಿನ ತಲೆಗೆ ಕೂತು ಕನ್ನಡಕ ಒರೆಸುತ್ತಿದ್ದರು. ಅವರ ಬಲಕ್ಕೆ ಗುಣಮಟ್ಟ ನೋಡುವ ಮೇಡಂ, ಹೊಸಬಳು, ಇನ್ನೂ ಯಾರ ಮೇಲೂ ನಂಬಿಕೆ ಬರದವಳು. ಎಡಕ್ಕೆ ಮೇಸ್ತ್ರಿ. ಅವನು ತುದಿಯಲ್ಲಿ. ಹೆಂಡತಿಗೆ ಕುರ್ಚಿ ಇತ್ತು, ಆದರೆ ಕೂರು ಎಂದು ಯಾರೂ ಹೇಳಲಿಲ್ಲ, ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. ಮೇಜಿನ ಮೇಲೆ ಮುರಿದ ತೋಳು ಮಲಗಿತ್ತು. ಯಾರೋ ಅದರ ಕೆಳಗೆ ಬಿಳಿಯ ಬಟ್ಟೆ ಹಾಸಿದ್ದರು, ಹೆಣಕ್ಕೆ ಹಾಸಿದಂತೆ.

"ಈ ಬಳೆ ಹಾಕಿದ್ದು ನೀನೇನಮ್ಮ?" ಎಂದರು ದೊಡ್ಡವರು.

"ನನ್ನ ಗುರುತೇ ಇದೆಯಲ್ಲ ಸಾರ್. ಹೆತ್ತು ಹೆಸರಿಟ್ಟ ಮೇಲೆ ನಂದಲ್ಲ ಅನ್ನೋಕಾಗತ್ತಾ?" ಅವಳು ನಕ್ಕಳು. ಯಾರೂ ನಗಲಿಲ್ಲ. ಅವಳು ಒಬ್ಬಳೇ ನಕ್ಕದ್ದನ್ನು ಅವನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಾಯಿ ಮುಚ್ಚಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವನಿಗೆ ಕೆಟ್ಟದೆನ್ನಿಸಲಿಲ್ಲ.

"ಸುತ್ತಿಗೆ ಗಿತ್ತಿಗೆ ಹಾಕಿದ್ಯಾ?"

"ಇಲ್ಲ ಸಾರ್. ಸುತ್ತಿಗೆ ಮೊಳೆ ಹೊಡಿಯಕ್ಕೆ, ಬಳೆಗಲ್ಲ. ಅದು ಡಬ್ಬದ ಮಾಲು. ತಾರೀಖು ನೋಡಿ, ತಿಂಗಳ ಕೊನೆ."

ಮೇಸ್ತ್ರಿ ಸೂರು ನೋಡತೊಡಗಿದ. "ಡಬ್ಬ ಅಂದ್ರೆ?" ಎಂದಳು ಮೇಡಂ. ಅವನ ಹೆಂಡತಿ ಹೇಳಿದಳು. ಹಠಮಾರಿ ಬಳೆ, ಹಠಮಾರಿ ತೋಳು, ಎಣ್ಣೆ, ಏರಿಸಿದ ಒತ್ತು. ಕೈಯಲ್ಲಿ ತೋರಿಸಿ ತೋರಿಸಿ, ಮಗುವಿಗೆ ಅಂಗಿ ತೊಡಿಸುವುದನ್ನು ಹೇಳುವಂತೆ ಹೇಳಿದಳು. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಕೊನೆಗೆ, "ಇವರನ್ನೇ ಕೇಳಿ. ಇವರೂ ಅದೇ ಪ್ರೆಸ್ ಮುಂದೆ ನಿಂತೋರು" ಎಂದು ಅವನ ಕಡೆ ಕೈ ಮಾಡಿದಳು.

ಎಲ್ಲರೂ ಅವನನ್ನು ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನ ಕೈ ತಾನಾಗಿ ಅಂಗಿಯ ಕಾಲರಿಗೆ ಹೋಯಿತು. ತೆಗೆದು ಮೇಜಿನ ಮೇಲಿಟ್ಟ. "ಹೌದು" ಎಂದ. "ಡಬ್ಬ ಇದೆ. ನನ್ನ ಕಾಲದಲ್ಲೂ ಇತ್ತು." ಮೇಸ್ತ್ರಿಯ ಮುಖ ಸೂರಿನಿಂದ ಕೆಳಗಿಳಿಯಿತು. ಅವನಿಗೂ ತನ್ನ ದನಿ ಕೇಳಿ ಆಶ್ಚರ್ಯವಾಯಿತು. ನಿಜ ಹೇಳುವುದು ಇಷ್ಟು ಸುಲಭವೆ? ಬಾಯಲ್ಲಿ ಅದರ ರುಚಿ ಕೂಡ ಚೆನ್ನಾಗಿತ್ತು. ಹೀಗೇ ಇನ್ನೊಂದು ವಾಕ್ಯ ಹೇಳಿದರೆ ಮುಗಿಯಿತು ಎಂದು ತಿಳಿದಿತ್ತು. ಆಗ ಅವಳು, ನೋಡಿದ್ರಾ ಎನ್ನುವಂತೆ ಎಲ್ಲರ ಕಡೆ ತಿರುಗಿ, ಕ್ಯಾಂಟೀನಿನಲ್ಲಿ ಮಾಡುತ್ತಿದ್ದ ಹಾಗೆಯೇ ಹುಬ್ಬು ಹಾರಿಸಿದಳು. ಅಷ್ಟೇ ಅವಳು ಮಾಡಿದ್ದು.

"ಆದ್ರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದ. "ಪ್ರತಿಯೊಂದು ಬಳೆನೂ ಅಳತೆಯೊಳಗೆ ಇದೆ. ಪ್ರತಿಯೊಂದು ತೋಳೂ ಅಳತೆಯೊಳಗೆ ಇದೆ. ಮೊದಲು ಹಾಕಿದ್ರೂ ಅಷ್ಟೆ, ಕೊನೆಗೆ ಹಾಕಿದ್ರೂ ಅಷ್ಟೆ."

ಮೇಡಂ ಪೆನ್ನು ಕೆಳಗಿಟ್ಟಳು. "ಲೆಕ್ಕಕ್ಕೆ ಹಾಕಿ ನೋಡಿದೀರಾ? ಈ ಡಬ್ಬಾನ?"

"ನೋಡಿದೀನಿ. ಇವತ್ತು ಬೆಳಗ್ಗೇನೇ."

"ಏನು ಬಂತು?"

"ಏನೂ ವ್ಯತ್ಯಾಸ ಇಲ್ಲ."

"ಮತ್ತೆ ಬಿರುಕು?"

"ಓರೆ" ಎಂದ ಅವನು. ಒಂದೇ ಮಾತು. ಆಮೇಲೆ, ಕೇಳದಿದ್ದರೂ, "ಬಳೆ ಸ್ವಲ್ಪ ಓರೆಯಾಗಿ ಒಳಗೆ ಹೋದ್ರೆ ಒಂದೇ ಕಡೆ ಒತ್ತತ್ತೆ. ಬಿರುಕು ಅಲ್ಲೇ ಶುರುವಾಗೋದು" ಎಂದು ಮುರಿದ ತೋಳಿನ ಮೇಲೆ ಬೆರಳಿಟ್ಟ. ಲೋಹ ತಣ್ಣಗಿತ್ತು. "ಅಂದ್ರೆ ಕೈತಪ್ಪು" ಎಂದರು ದೊಡ್ಡವರು, ಕನ್ನಡಕ ಹಾಕಿಕೊಳ್ಳುತ್ತ. ಕೈತಪ್ಪು ಎಂಬ ಮಾತನ್ನು ತಾನು ಹೇಳಲಿಲ್ಲ ಎಂದು ಅವನು ಮನಸ್ಸಿನಲ್ಲಿ ಗುರುತು ಹಾಕಿಕೊಂಡ. ಅವಳು ಕೂಗಾಡುತ್ತಾಳೆಂದು ಕಾದ. ಮನೆಯ ಮಾತೆಲ್ಲ ಎತ್ತುತ್ತಾಳೆ, ಮಾನ ಹರಾಜು ಹಾಕುತ್ತಾಳೆ ಎಂದುಕೊಂಡ. ಅವಳು ಅವನನ್ನೇ ನೋಡಿದಳು. ಸಿಟ್ಟಿರಲಿಲ್ಲ. ಗಂಟಲು ನೋಡಿ ಮುಖ ಗಂಭೀರ ಮಾಡಿಕೊಂಡ ಡಾಕ್ಟರನ್ನು ನೋಡುವಂತೆ ನೋಡಿ, "ಹಂಗಂತೀರಾ?" ಎಂದಳು. ಅವನು ತಲೆ ಆಡಿಸಿದ. ದೊಡ್ಡವರು, ನಾಳೆಯಿಂದ ಬರುವುದು ಬೇಡ, ಉಳಿದದ್ದು ಆಫೀಸಿನವರು ನೋಡಿಕೊಳ್ಳುತ್ತಾರೆ ಎಂದರು. ಎದ್ದು ಹೋಗುವಾಗ ಮೇಸ್ತ್ರಿ ಅವನ ಕಿವಿಯ ಹತ್ತಿರ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಭಲೆ ಕಣಯ್ಯ, ನಾನು ಇಷ್ಟು ನಿರೀಕ್ಷೆ ಮಾಡಿರಲಿಲ್ಲ" ಎಂದ. ಹೊಗಳಿದನೋ ಉಗಿದನೋ ತಿಳಿಯಲಿಲ್ಲ. ಅವನು, "ಇವತ್ತಿಂದ ಡಬ್ಬ ತೆಗೆಸಿಬಿಡಿ, ಜಾಗ ಗಲೀಜಾಗತ್ತೆ" ಎಂದು ಮಾತ್ರ ಹೇಳಿದ. ಕೋಣೆಗೆ ಬಂದು ಪರದೆ ಹೊತ್ತಿಸಿದಾಗ ಬೆಳಗಿನ ಲೆಕ್ಕ ಹಾಗೇ ಇತ್ತು. ಉಳಿಸಬೇಕೆ ಎಂದು ಕಂಪ್ಯೂಟರು ಕೇಳಿತು. ಎಷ್ಟು ಮರ್ಯಾದೆಯಿಂದ ಕೇಳುತ್ತದೆ ಅನ್ನಿಸಿತು. ಬೇಡ ಎಂದ.

ಸಂಜೆ ಮನೆಗೆ ಬಂದಾಗ ಅವಳು ಅಡಿಗೆಮನೆಯ ನೆಲದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಒಲೆ ಹಚ್ಚಿರಲಿಲ್ಲ. ಅತ್ತಿರಲೂ ಇಲ್ಲ. ದಾರಿಯುದ್ದಕ್ಕೂ ಅವನು ಜಗಳಕ್ಕೆ ಸಿದ್ಧವಾಗುತ್ತ ಬಂದಿದ್ದ. ಅವಳು ಇದನ್ನು ಹೇಳಿದರೆ ತಾನು ಅದನ್ನು, ಅವಳು ಅದನ್ನು ಎತ್ತಿದರೆ ತಾನು ಹಳೆಯ ಕ್ಯಾಂಟೀನಿನ ಮಾತನ್ನು. ಎಲ್ಲವೂ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಅವಳು, "ಬನ್ನಿ, ಕೂತ್ಕೊಳ್ಳಿ ಇಲ್ಲಿ" ಎಂದು ನೆಲ ತಟ್ಟಿದಳು. ಬೂಟು ಬಿಚ್ಚದೆ ಅವನು ಕೂತ.

"ಎಲ್ಲಿ ಓರೆ ಆಯ್ತು ಅಂತ ಹೇಳಿ ನಂಗೆ."

ಅವನಿಗೆ ಅರ್ಥವಾಗಲಿಲ್ಲ.

"ನಾನು ಬರ್ತಾ ದಾರೀಲೆಲ್ಲ ಯೋಚ್ನೆ ಮಾಡ್ದೆ. ಆ ದಿನ ಏನಾಯ್ತು ಅಂತ. ಕೈಗೆ ಏನೂ ತಗಲಿದ ನೆನಪೇ ಇಲ್ಲ ರೀ. ಆದ್ರೆ ನೀವು ಅಷ್ಟು ಸಲ ನೋಡಿದೀರಿ. ಸುಮ್ಸುಮ್ನೆ ಹೇಳೋರಲ್ಲ ನೀವು, ಅದೂ ಅಷ್ಟು ಜನದೆದುರಿಗೆ, ನನ್ನ ಮೇಲೆ. ನಂದೇ ಇರ್ಬೇಕು. ಹೆಂಗಾಯ್ತು ಹೇಳಿ."

ಅವನು ಅವಳ ಮುಖದಲ್ಲಿ ಕುಹಕ ಹುಡುಕಿದ. ಇರಲಿಲ್ಲ. ಅವಳು ಮೊಣಕಾಲಿನ ಮೇಲೆ ಗದ್ದ ಊರಿ ಕಾಯುತ್ತಿದ್ದಳು, ಪೂರ್ತಿ ಕೇಳುವವಳಂತೆ. ಅವನು ಎಡಗೈಯ ಹೆಬ್ಬೆರಳು ತೋರುಬೆರಳು ಸೇರಿಸಿ ತೂತು ಮಾಡಿದ, ಬಲಗೈಯ ಎರಡು ಬೆರಳು ಸೇರಿಸಿ ಬಳೆ ಮಾಡಿದ. ಹೇಳತೊಡಗಿದ. ಮೊದಲು ಬಳೆ ತೂತಿನ ಬಾಯಿಗೆ ಕೂರುತ್ತದೆ. ಆಗ ಮಣಿಕಟ್ಟು ನೆಟ್ಟಗಿರಬೇಕು. ಆದರೆ ಬೆಳಗಿಂದ ನಿಂತು ಸೊಂಟ ಸೋತಿರುತ್ತದೆ, ಮೈ ಎಡಕ್ಕೆ ವಾಲುತ್ತದೆ, ಮೈ ವಾಲಿದ್ದು ಮಣಿಕಟ್ಟಿಗೆ ಗೊತ್ತಾಗುವುದಿಲ್ಲ. ಕಾಲಿನ ಪೆಡಲ್ ಒತ್ತುವ ಗಳಿಗೆಯಲ್ಲಿ ಕಿರುಬೆರಳು ಸ್ವಲ್ಪ, ಇಷ್ಟೇ ಇಷ್ಟು, ಏಳುತ್ತದೆ. ಮಾತು ಎಲ್ಲಿಂದ ಬರುತ್ತಿದೆಯೆಂದು ಅವನಿಗೇ ವಿಸ್ಮಯವಾಯಿತು. ಯಾವ ಲೆಕ್ಕದಲ್ಲೂ ಕಿರುಬೆರಳಿರಲಿಲ್ಲ. ಹೇಳುತ್ತ ಹೇಳುತ್ತ ಗೊತ್ತಾಯಿತು, ಇದು ತನ್ನದೇ ಕಿರುಬೆರಳು. ಪ್ರೆಸ್ಸಿನ ಮುಂದೆ ನಿಂತಷ್ಟು ಕಾಲವೂ ತನ್ನ ಬಳೆಗಳು ಓರೆಯಾಗಿಯೇ ಹೋಗುತ್ತಿದ್ದವು. ಪಕ್ಕದ ಪ್ರೆಸ್ಸಿನ ಈ ಹುಡುಗಿ, ಪರೀಕ್ಷೆಯವನು ಬರುವ ಮುಂಚೆ, ಒಂದು ಮಾತೂ ಆಡದೆ ಅವನ್ನು ಹಿಂದಕ್ಕೆ ಒತ್ತಿ ತೆಗೆದು, ನೆಟ್ಟಗೆ ಮಾಡಿ ಮತ್ತೆ ಹಾಕಿ ಅವನ ಕಡೆಗೆ ಸರಿಸುತ್ತಿದ್ದಳು. ಹಾಗೆಯೇ ಅಲ್ಲವೇ ಮದುವೆಯಾದದ್ದು.

ಅವಳಿಗೂ ಅದೇ ನೆನಪಾಯಿತೋ ಏನೋ. "ನಿಮ್ದು ಹೋಗ್ತಿತ್ತಲ್ಲ, ಹಂಗೇನಾ?" ಎಂದಳು. "ಆದ್ರೆ ನಿಮ್ದು ಓರೆ ಆಗಿದ್ದು ಪಕ್ಕದಲ್ಲಿ ನಿಂತ ನಂಗೆ ಗೊತ್ತಾಗ್ತಿತ್ತು. ಶಬ್ದದಲ್ಲೇ ಗೊತ್ತಾಗ್ತಿತ್ತು. ನನ್ನ ಕೈಯಲ್ಲೇ ಆದದ್ದು ನಂಗೆ ಹೆಂಗೆ ಗೊತ್ತಾಗ್ಲಿಲ್ಲ?"

ಇಲ್ಲಿ ಸುಮ್ಮನಿದ್ದರೂ ಸಾಕಿತ್ತು, ಅವಳೇ ಮುಂದಿನ ಹೆಜ್ಜೆ ಇಟ್ಟು ನಿಜದ ಮೇಲೆ ಕಾಲಿಡುತ್ತಿದ್ದಳು. ಅವನು ಸುಮ್ಮನಿರಲಿಲ್ಲ. "ವಯಸ್ಸು" ಎಂದ, ಮೆಲ್ಲಗೆ, ಬಹಳ ಪ್ರೀತಿಯಿಂದ. "ಕೈಗೆ ತಿಳಿಯೋದು ಒಂದಿನ ನಿಂತುಹೋಗತ್ತೆ. ನಿಂತಿದೆ ಅನ್ನೋದೂ ಕೈಗೆ ತಿಳಿಯಲ್ಲ. ಯಾರಿಗಾದ್ರೂ ಆಗತ್ತೆ."

ಅವಳು ಎರಡೂ ಅಂಗೈ ಬಿಚ್ಚಿ ನೋಡಿಕೊಂಡಳು, ಬೇರೆ ಯಾರೋ ಮರೆತು ಬಿಟ್ಟುಹೋದ ವಸ್ತುವನ್ನು ನೋಡುವಂತೆ. ತಿರುಗಿಸಿದಳು. ಮತ್ತೆ ತಿರುಗಿಸಿದಳು. "ಹಂಗಾದ್ರೆ ಅದೊಂದೇ ಅಲ್ಲ. ಯಾವಾಗಿಂದ ನಿಂತಿದೆಯೋ ಏನೋ. ಎಷ್ಟು ಹಾಕಿದೀನೋ ಹಿಂಗೆ. ಅವೂ ಮುರೀತಾವಾ? ಜನ ಬೀಳ್ತಾರಾ?"

ಇಲ್ಲ ಅನ್ನಬಹುದಿತ್ತು. ಆದರೆ ಅವು ಮುರಿಯುತ್ತವೆ, ಅವನು ಬೆಳಗ್ಗೆ ನೋಡಿದ್ದ. ಒಂದೊಂದಾಗಿ, ಬೇರೆ ಬೇರೆ ಊರುಗಳಲ್ಲಿ, ಎಷ್ಟೋ ವರ್ಷ. ಮುರಿದಾಗಲೆಲ್ಲ ಮೇಡಂ ಪೆನ್ನು ಕೆಳಗಿಟ್ಟು ಕೇಳುತ್ತಾಳೆ. ಆಗ ಈ ಹೆಂಗಸು ತಪ್ಪು ತನ್ನದೇ ಎಂದು ಮೊದಲೇ ಒಪ್ಪಿಕೊಂಡಿರಬೇಕು. ಇದೆಲ್ಲ ಅವನು ಯೋಚಿಸಿದ್ದೆಂದು ಹೇಳುವುದು ಕಷ್ಟ. ಬಾಯಿ ತೆರೆಯುವಷ್ಟರಲ್ಲಿ ಯೋಚನೆ ಮುಗಿದಿತ್ತು.

"ಬೀಳಬಹುದು" ಎಂದ.

ಅವಳು ಬಲಗೈಯನ್ನು ಅವನ ಮುಂದೆ ಚಾಚಿ, "ಇನ್ನೊಂದ್ಸಲ ತೋರಿಸಿ. ಎಲ್ಲಿ ವಾಲತ್ತೆ ಅಂತ" ಎಂದಳು. ಆ ಕೈ ಬಿಸಿಯಾಗಿತ್ತು, ಒಂದಿಷ್ಟೂ ಅಲುಗುತ್ತಿರಲಿಲ್ಲ. ಅವನು ಮಣಿಕಟ್ಟು ಹಿಡಿದ. ಅದು ತನ್ನಷ್ಟಕ್ಕೆ ನೆಟ್ಟಗೆ ನಿಲ್ಲುತ್ತಿತ್ತು, ವಾಲಿಸಬೇಕಾದರೆ ಅವನೇ ಬಲ ಹಾಕಬೇಕಾಯಿತು. ಕಿರುಬೆರಳನ್ನು ಸ್ವಲ್ಪ ಎತ್ತಿದ. "ಇಲ್ಲಿ" ಎಂದ. "ಹೀಗೆ." ಅವನು ಕೈ ಬಿಟ್ಟ ಮೇಲೂ ಅವಳು ಅದನ್ನು ಹಾಗೆಯೇ, ಓರೆಯಾಗಿ, ಹಿಡಿದುಕೊಂಡು ಕೂತಿದ್ದಳು.